ಹಲಸಿನ ಹಣ್ಣು ಬಚ್ಚಿಟ್ಟ ದಿನ

ಆನೆ ನೋಡುವುದಕ್ಕೆಂದು ವಿಮಾನ ಹತ್ತಿ ಥಾಯ್ಲೆಂಡಿಗೆ ಹೋಗಿ ಬಂದೆವು ಎಂದರೆ ಮೂಡಿಗೆರೆ ಕಡೆಯವರು ಯಾರೂ ನಂಬುವುದಿಲ್ಲ. ನಂಬಿದವರು ನಮ್ಮ ತಲೆ ಸರಿಯಿದೆಯೇ ಎಂದು ಕೇಳುತ್ತಾರೆ. ನಮ್ಮಲ್ಲಿ ಜನ ಕಷ್ಟಪಡುವುದೆಲ್ಲ ಆನೆಯನ್ನು ನೋಡದೆ ಇರುವುದಕ್ಕೆ. ಸೋಲಾರ್ ಬೇಲಿ ಹಾಕುತ್ತಾರೆ, ಕಂದಕ ತೋಡುತ್ತಾರೆ, ಗರ್ನಾಲು ಹೊಡೆಯುತ್ತಾರೆ. ಆ ಗರ್ನಾಲು ಮಾರುವವರೇ ನಮ್ಮ ಷಡ್ಡಕ ರುದ್ರಪ್ಪನವರು. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಆಲ್ದೂರಿನಲ್ಲಿ ಅವರದು ಗೋಣಿಚೀಲ, ಕತ್ತಿ, ಹಗ್ಗ, ಪಟಾಕಿಗಳ ಅಂಗಡಿ. ಹೆಂಡತಿಗೆ ಮಂಡಿ ನೋವೆಂದು ಅವರೊಬ್ಬರೇ ನಮ್ಮ ಜೊತೆ ಹೊರಟರು. ಬೇಡ ಎನ್ನುವ ಧೈರ್ಯ ನಮಗಿರಲಿಲ್ಲ.

ಹೊರಟದ್ದು ಮಾತ್ರ ನನ್ನ ಹೆಂಡತಿ ಗಿರಿಜಾಳಿಗಾಗಿ. ನಮ್ಮ ತೋಟಕ್ಕೆ ಹೆಸರಿಗೆ ಪ್ಲಾಂಟರ್ ನಾನು, ತೋಟ ಗೊತ್ತಿರುವುದು ಅವಳಿಗೆ. ಕುಯ್ಲಿನ ದಿನಗಳಲ್ಲಿ ಹೆಣ್ಣಾಳುಗಳ ಜೊತೆ ಗಿಡದಿಂದ ಗಿಡಕ್ಕೆ ನಡೆದು, ಹಸಿರು ಕಾಯಿ ಕಿತ್ತವರನ್ನು ನಗುನಗುತ್ತಲೇ ಗದರಿಸಿ, ಮಾಗಿದ ಹಣ್ಣನ್ನಷ್ಟೇ ಚೀಲಕ್ಕೆ ಬೀಳಿಸುತ್ತಿದ್ದವಳು ಅವಳು. ಎರಡು ವರ್ಷದ ಹಿಂದೆ ಒಂದು ಮಂಜಿನ ಬೆಳಿಗ್ಗೆ ಆಳುಗಳಿಗಿಂತ ಮುಂದೆ ಹೋದವಳು, ಸಿಲ್ವರ್ ಮರದ ಬುಡ ಎಂದುಕೊಂಡು ಯಾವುದರ ಪಕ್ಕದಲ್ಲಿ ನಿಂತಳೋ ಅದು ಆನೆಯ ಕಾಲಾಗಿತ್ತು. ಮೇಲಿನದೆಲ್ಲ ಮಂಜಿನೊಳಗಿತ್ತು. ಉಸಿರು ಕೇಳಿಸಿತಂತೆ. ಅವಳು ಅಲುಗಲಿಲ್ಲ, ಅದೂ ಅಲುಗಲಿಲ್ಲ. ಆಮೇಲೆ ಕಾಲು ಎದ್ದು, ತಿರುಗಿ, ಹೊರಟುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಗಿರಿಜಾ ಕಾಫಿ ಒಣಗಿಸುವ ಕಣದ ಆಚೆಗೆ ಒಂದು ಹೆಜ್ಜೆ ಇಟ್ಟಿಲ್ಲ. ಎರಡು ಕುಯ್ಲು ನನ್ನ ಉಸ್ತುವಾರಿಯಲ್ಲಿ ನಡೆದವು. ಹೇಗೆ ನಡೆದವು ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ.

ಈ ಮಳೆಗಾಲ ಕಳೆಯುವ ಹೊತ್ತಿಗೆ ಅವಳೇ ಮಾತು ತೆಗೆದಳು. "ನಾನು ನೋಡಿದ್ದು ಬರೀ ಕಾಲು. ಕನಸಲ್ಲೂ ಬರೀ ಕಾಲೇ ಬರ್ತದೆ. ಒಂದು ಸಲ ಹಗಲು ಬೆಳಕಲ್ಲಿ ಅದರ ಮುಖ ನೋಡ್ಬೇಕು ರೀ. ಆಮೇಲೆ ತೋಟಕ್ಕೆ ಹೋಗೋದೋ, ಪೂರ್ತಿ ಬಿಟ್ಟುಬಿಡೋದೋ ಹೇಳ್ತೀನಿ."

ಅದಕ್ಕೇನು, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬರೋಣ ಎಂದೆ. ಅಲ್ಲಿ ಗುರುತಿನವರು ಸಿಗುತ್ತಾರೆ, ತಾನು ಹೆದರಿ ಕಿರುಚಿಕೊಂಡರೆ ಸಂಜೆಯೊಳಗೆ ಸಂತೆಯಲ್ಲೆಲ್ಲ ಸುದ್ದಿಯಾಗುತ್ತದೆ ಎಂದಳು. ಹೆದರುವುದಕ್ಕೂ ಒಂದು ಏಕಾಂತ ಬೇಕು ಎಂದು ನನಗೆ ಆಗ ಹೊಳೆಯಿತು. ಹೇಗೂ ಕುಯ್ಲಿಗೆ ಮುಂಚಿನ ಬಿಡುವಿನಲ್ಲಿ ಎಲ್ಲಾದರೂ ಹೋಗಬೇಕೆಂದಿದ್ದೆವು. ರೈಲಿನಲ್ಲಿ ಕಾಡು ನೋಡುತ್ತ ಹೋಗಿ, ಅದೇ ದಿನ ವಯಸ್ಸಾದ ಆನೆಗಳನ್ನು ಸಾಕುವ ಜಾಗವೊಂದನ್ನು ಕಂಡು ಬರುವ ಪ್ರವಾಸ ಥಾಯ್ಲೆಂಡಿನಲ್ಲಿದೆ ಎಂದು ಅವಳೇ ಮೊಬೈಲಿನಲ್ಲಿ ಹುಡುಕಿ ತೆಗೆದಳು.

ಕಾಂಚನಬುರಿ ನಿಲ್ದಾಣ

ಊರಿನ ಹೆಸರು ಕೇಳಿಯೇ ರುದ್ರಪ್ಪನವರು ಅರ್ಧ ಗೆದ್ದಿದ್ದರು. ಇದು ನಮ್ಮ ಕಾಂಚನಪುರಿಯೇ ಅಲ್ಲವೇ, ನಾವು ಪರದೇಶಕ್ಕೆ ಬಂದೇ ಇಲ್ಲ ಎಂದರು. ಹಣೆಗೆ ಮೂರು ಬೆರಳಿನ ವಿಭೂತಿ ಬಳಿದು, ಎಲ್ಲರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಆಶ್ಚರ್ಯವೆಂದರೆ ಅವರಿಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಇಂಗ್ಲಿಷಿನಲ್ಲಿ ಕೇಳಿದ ನನಗೆ ಬಿಸಿನೀರು ಬೇಕೆಂದರೆ ಐಸು ಬರುತ್ತಿತ್ತು.

ಊಟದ ಚಿಂತೆ ನಮಗೆ ಮೊದಲೇ ಇತ್ತು. ಅಲ್ಲಿ ಅನ್ನದ ಮೇಲೂ ಮೀನಿನ ರಸ ಚಿಮುಕಿಸುತ್ತಾರೆ ಎಂದು ಕೇಳಿದ್ದೆವು. ನಮ್ಮ ಪುಣ್ಯಕ್ಕೆ ಅದು ಅವರು ಸಸ್ಯಾಹಾರದ ವ್ರತ ಹಿಡಿಯುವ ವಾರ. ವ್ರತದ ಅಡುಗೆ ಮಾಡುವ ಅಂಗಡಿಗಳ ಮುಂದೆಲ್ಲ ಹಳದಿ ಬಾವುಟ ಕಟ್ಟಿದ್ದರು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲವಂತೆ. ರುದ್ರಪ್ಪನವರು ದೂರದಿಂದ ಹಳದಿ ಬಾವುಟ ಕಂಡರೆ ಸಾಕು, ಚಪ್ಪಲಿ ಸರಿಮಾಡಿಕೊಂಡು ಹೊರಟುಬಿಡುತ್ತಿದ್ದರು.

ರೈಲಿಗೆ ಕಾಯುತ್ತಿದ್ದಾಗ ಒಂದು ಘಟನೆ ನಡೆಯಿತು. ಷಡ್ಡಕರು ಕಾಫಿ ಗಾಡಿಯ ಕಡೆ ನಡೆಯುತ್ತಿದ್ದರು. ಧ್ವನಿವರ್ಧಕದಲ್ಲಿ ಏನೋ ಹಾಡು ಶುರುವಾಯಿತು. ಗಾಡಿಯವಳು, ಪೊಲೀಸಿನವನು, ಮೂಟೆ ಹೊತ್ತವರು, ಮಗುವಿಗೆ ತಿನ್ನಿಸುತ್ತಿದ್ದ ತಾಯಿ, ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಂತರು. ಅದು ಅವರ ರಾಷ್ಟ್ರಗೀತೆ ಎಂದು ನನಗೂ ಆಮೇಲೆ ಗೊತ್ತಾಯಿತು. ಆದರೆ ನಮ್ಮ ಕಡೆ ಮುಂದೆ ಹೋಗುತ್ತಿರುವವರು ಇದ್ದಕ್ಕಿದ್ದಂತೆ ಸದ್ದಿಲ್ಲದೆ ನಿಂತರೆ ಅದಕ್ಕೆ ಇರುವ ಅರ್ಥ ಒಂದೇ: ಎದುರಿಗೆ ಆನೆ. ರುದ್ರಪ್ಪನವರು ಉಸಿರು ಬಿಗಿ ಹಿಡಿದು, ಕಣ್ಣನ್ನು ಮಾತ್ರ ಎಡಬಲಕ್ಕೆ ಆಡಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒಂದು ಕಂಬದ ಮರೆಗೆ ಸೇರಿಕೊಂಡರು. ತಿರುಗಿ ನೋಡಿದರೆ ಗಿರಿಜಾ ಆಗಲೇ ನನ್ನ ಬೆನ್ನ ಹಿಂದಿದ್ದಳು.

ಹಾಡು ಮುಗಿದು ಎಲ್ಲರೂ ಚಲಿಸಿದ ಮೇಲೆ ಅವರು ಕಾಫಿ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಐಸು ತುಂಬಿ, ಮೇಲೆ ಗಟ್ಟಿ ಸಿಹಿ ಹಾಲು ಸುರಿದು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ, ಒಂದು ಸ್ಟ್ರಾ ಚುಚ್ಚಿದ್ದರು. ಮೂರು ತಲೆಮಾರಿನಿಂದ ಕಾಫಿ ಬೆಳೆಯುವ ಮನೆಯವನಾದ ನಾನು ಅದನ್ನು ಮುಟ್ಟುವುದಿಲ್ಲ ಎಂದೆ. ರೈಲು ಬರುವ ಹೊತ್ತಿಗೆ ನನ್ನ ಚೀಲ ಖಾಲಿಯಾಗಿತ್ತು.

ನದಿಯ ಪಕ್ಕದ ಮರದ ಸೇತುವೆ

ನಮ್ಮವರಿಗೆ ರೈಲು ಎಂದರೆ ಸಕಲೇಶಪುರಕ್ಕೆ ಹೋಗಿ ನೋಡುವ ವಸ್ತು. ಇಲ್ಲಿನದು ಮರದ ಸೀಟು, ಮೇಲೆ ಗರಗರ ತಿರುಗುವ ಫ್ಯಾನು, ಪೂರ್ತಿ ತೆರೆಯುವ ಕಿಟಕಿ. ಮಾರುವವರು ಹತ್ತುತ್ತಲೇ ಇರುತ್ತಾರೆ. ಬಾಳೆ ಎಲೆಯಲ್ಲಿ ಕಟ್ಟಿದ ಅಂಟು ಅನ್ನವನ್ನು ಗಿರಿಜಾ ಬಿಚ್ಚಿ ನೋಡಿ, ನಮ್ಮ ಕೊಟ್ಟೆ ಕಡುಬಿಗೆ ಇವರು ಬೆಲ್ಲ ಹಾಕಿದ್ದಾರೆ ಎಂದು ತೀರ್ಪು ಕೊಟ್ಟಳು.

ನಮ್ಮ ಗೈಡ್ ನೋಯ್ ಎಂಬ ನಗುಮುಖದ ಹೆಂಗಸು. ಅವಳಿಗೂ ಗಿರಿಜಾಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಬ್ಬರೂ ಇಂಗ್ಲಿಷಿನಲ್ಲಿ ಮಕ್ಕಳ ಮದುವೆಯ ವಿಷಯಕ್ಕೆ ಬೇಗ ಇಳಿದರು. ಹೊಲಗಳ ಮೂಲೆಯಲ್ಲೆಲ್ಲ ಕಂಬದ ಮೇಲೆ ಪುಟ್ಟ ಮನೆಯೊಂದನ್ನು ಇಟ್ಟು, ಅದರ ಮುಂದೆ ಕೆಂಪು ಸೋಡಾದ ಬಾಟಲಿಗೆ ಸ್ಟ್ರಾ ಹಾಕಿ ಇಟ್ಟಿದ್ದರು. ಅದು ಜಾಗ ಕಾಯುವ ದೈವದ ಮನೆ, ಸೋಡಾ ಅದರ ನೈವೇದ್ಯ ಎಂದಳು ನೋಯ್. ನಮ್ಮ ತೋಟದ ಚೌಡಿಗೂ ತೆಂಗಿನಕಾಯಿ ತಿಂದು ಬೇಸರವಾಗಿರಬಹುದು, ಒಂದು ಬಾಟಲಿ ಇಟ್ಟು ನೋಡಬೇಕು ಎಂದೆ. ದೈವದ ವಿಷಯದಲ್ಲಿ ತಮಾಷೆ ಬೇಡ ಎಂದು ಗಿರಿಜಾ ಕಣ್ಣು ಬಿಟ್ಟಳು.

ಮುಂದೆ ದಾರಿ ಕಿರಿದಾಯಿತು. ಒಂದು ಕಡೆ ಕೈಗೆಟುಕುವ ಬಂಡೆ, ಇನ್ನೊಂದು ಕಡೆ ಕೆಳಗೆ ಕ್ವಾಯ್ ನದಿ, ನಡುವೆ ಮರದ ತೊಲೆಗಳ ಮೇಲೆ ನಿಂತ ಹಳಿ. ರೈಲು ನಡೆಯುವವರಿಗಿಂತ ನಿಧಾನವಾಯಿತು. ತೊಲೆಗಳು ಕಿರುಗುಟ್ಟಿದವು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಜನ ಮಾಡುವ ಹಾಗೆ ನಾವು ಮೂವರೂ ಬಂಡೆಯ ಕಡೆಗೆ ವಾಲಿ ಕುಳಿತೆವು. ಉಳಿದವರೆಲ್ಲ ನದಿಯ ಕಡೆ ಕಿಟಕಿಯಿಂದ ಫೋಟೋ ತೆಗೆಯುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ದೇಶಕ್ಕೆ ನುಗ್ಗಿದ್ದ ಸೈನಿಕರು ಸೆರೆಯಾಳುಗಳಿಂದ ಕಟ್ಟಿಸಿದ ದಾರಿ ಇದು, ಬಹಳ ಜನ ಸತ್ತರು ಎಂದು ನೋಯ್ ಹೇಳಿದಳು. ಮಲಯಾದ ತೋಟಗಳಿಂದ ನಿಮ್ಮ ಕಡೆಯ ಆಳುಗಳನ್ನೂ ಕರೆತಂದಿದ್ದರು, ತಮಿಳರನ್ನು ಎಂದಳು. ಗಿರಿಜಾ ತೋಟದ ಆಳುಗಳೇ ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡಳು. ಆಮೇಲೆ ಬಂಡೆಯ ಕಡೆಯಿಂದ ಎದ್ದು ನದಿಯ ಕಡೆ ಕಿಟಕಿಗೆ ಹೋಗಿ, ಸೇತುವೆ ಮುಗಿಯುವವರೆಗೂ ಕೆಳಗೆ ನೋಡುತ್ತ ನಿಂತಳು.

ನಾಮ್ ಟೋಕ್

ಹಳಿ ಮುಗಿಯುವ ಊರು ಇದು. ಇಳಿದಾಗ ಒಂದು ಪಿಕಪ್ ಗಾಡಿ ಕಾಯುತ್ತಿತ್ತು. ನೋಯ್ ಡ್ರೈವರಿನ ಪಕ್ಕ ಕುಳಿತಳು. ಹಿಂದಿನ ಬೆಂಚಿನಲ್ಲಿ ನಾವು ಮೂವರು. ಸಂತೆಯ ಹತ್ತಿರ ಗಾಡಿ ನಿಲ್ಲಿಸಿ, ಬಾಳೆಗೊನೆ, ಕುಂಬಳಕಾಯಿ ಮತ್ತು ಗೋಣಿ ಮುಚ್ಚಿದ ದೊಡ್ಡ ಬುಟ್ಟಿಯೊಂದನ್ನು ನಮ್ಮ ಕಾಲ ಬಳಿ ಏರಿಸಿದರು.

ನೋಡುವುದು ಬೇಡವೆನ್ನಿಸಿದರೆ ನೋಡದೇ ವಾಪಸ್ಸು ಹೋಗೋಣ ಎಂದು ಗಿರಿಜಾಳಿಗೆ ಹೇಳಿದೆ. ಅವಳು ತಲೆಯಾಡಿಸಿದಳೇ ಹೊರತು ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಸೀರೆಯ ಬದಲು ಚೂಡಿದಾರ್ ಹಾಕಿಕೊಂಡು ಬಂದಿದ್ದು ಓಡುವುದಕ್ಕೆ ಅನುಕೂಲವಾಗಲೆಂದು ಎಂದು ಹಿಂದಿನ ದಿನವೇ ಹೇಳಿದ್ದಳು.

ಗಾಡಿ ಕಾಡಿನ ದಾರಿ ಹಿಡಿಯಿತು. ಬಿಸಿಲು ಏರಿದಂತೆ ಗೋಣಿಯ ಕೆಳಗಿಂದ ಒಂದು ವಾಸನೆ ಎದ್ದಿತು. ಮೊದಲು ರುದ್ರಪ್ಪನವರ ಮೂಗು ಅಗಲವಾಯಿತು. ಆಮೇಲೆ ಗಿರಿಜಾ ನನ್ನ ಮುಖ ನೋಡಿದಳು. ನಾನು ಗೋಣಿ ಎತ್ತಿದೆ. ಬುಟ್ಟಿಯ ತುಂಬ ಹಲಸಿನ ಹಣ್ಣು, ಚೆನ್ನಾಗಿ ಮಾಗಿ ಸಿಪ್ಪೆ ಬಿರಿಯುತ್ತಿರುವ ಹಣ್ಣು.

ಇದನ್ನು ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕು. ಮಾಗಿದ ಹಲಸಿನ ವಾಸನೆ ಆನೆಗೆ ಎಷ್ಟೋ ದೂರದಿಂದ ಗೊತ್ತಾಗುತ್ತದೆ. ಅದಕ್ಕೇ ನಮ್ಮ ಕಡೆ ಹಲಸನ್ನು ಮರದಲ್ಲಿ ಹಣ್ಣಾಗಲು ಬಿಡುವುದಿಲ್ಲ. ಎಳೆಯ ಕಾಯಿ ಇರುವಾಗಲೇ ಮರ ಹತ್ತಿ ಕಡಿದು, ಗುಂಡಿ ತೋಡಿ ಮುಚ್ಚುತ್ತೇವೆ. ಒಂದು ಮರ ಮರೆತರೂ ಅಕ್ಕಪಕ್ಕದ ತೋಟದವರು ಜಗಳಕ್ಕೆ ಬರುತ್ತಾರೆ. ಹಲಸಿನ ಹಣ್ಣು ತಿಂದು ನಮಗೆ ವರ್ಷಗಳಾದವು. ಅಂಥದ್ದರಲ್ಲಿ ಬುಟ್ಟಿಗಟ್ಟಲೆ ಹಣ್ಣನ್ನು ಕಾಲ ಬಳಿ ಇಟ್ಟುಕೊಂಡು, ಮೇಲೆ ಚಾವಣಿಯಿಲ್ಲದ ಗಾಡಿಯಲ್ಲಿ, ಆನೆಗಳು ಇರುವಲ್ಲಿಗೆ ನಾವು ಹೋಗುತ್ತಿದ್ದೆವು.

ಇದು ಇವರ ಮಧ್ಯಾಹ್ನದ ಊಟಕ್ಕೆ ತಂದದ್ದಿರಬೇಕು, ಪಾಪ, ಗೊತ್ತಿಲ್ಲ ಎಂದರು ರುದ್ರಪ್ಪನವರು.

"ಗೊತ್ತಿಲ್ದಿದ್ರೆ ಗೊತ್ತಿರೋರು ಸುಮ್ನೆ ಕೂತ್ಕೊಳ್ಳೋದಾ ಭಾವ?" ಎಂದಳು ಗಿರಿಜಾ.

ಬಿದಿರಿನ ಗೇಟು ದಾಟಿ ಸ್ವಲ್ಪ ಒಳಗೆ ಬಂದ ಮೇಲೆ, ಡ್ರೈವರ್ ಗಾಡಿ ನಿಲ್ಲಿಸಿ ಗೇಟು ಮುಚ್ಚಲು ಹಿಂದಕ್ಕೆ ಹೋದ. ನೋಯ್ ಫೋನಿನಲ್ಲಿ ಮುಳುಗಿದ್ದಳು. ಮತ್ತೆ ಚರ್ಚೆ ಬೇಕಾಗಲಿಲ್ಲ. ನಾನು, ಷಡ್ಡಕರು ಬುಟ್ಟಿ ಇಳಿಸಿ, ದಾರಿ ಬದಿಯ ಬಿದಿರುಮೆಳೆಯ ಹಿಂದೆ ಹಣ್ಣು ಸುರಿದು, ಮೇಲೆ ತರಗೆಲೆ ಎಳೆದು, ಕೈಯನ್ನು ಸೊಪ್ಪಿಗೆ ಉಜ್ಜಿ, ಖಾಲಿ ಬುಟ್ಟಿಗೆ ಗೋಣಿ ಹೊದಿಸಿ ಕುಳಿತೆವು. ಎಲ್ಲರ ಪ್ರಾಣ ಉಳಿಸಿದ ಸಮಾಧಾನ ನಮಗಿತ್ತು.

ಬಿದಿರಿನ ಗೇಟು

ಮುಂದಿನದು ನೀವು ಊಹಿಸಿರುತ್ತೀರಿ. ಆ ಹಣ್ಣು ಆನೆಗೆಂದೇ ತಂದದ್ದು.

ಹುಲ್ಲು ಮಾಡಿನ ಚಾವಡಿಯ ಮುಂದೆ ಗಾಡಿ ನಿಂತಿತು. ಒಬ್ಬ ವಯಸ್ಸಾದ ಮಾವುತ ಬಂದು ಗೋಣಿ ಎತ್ತಿದ, ಬುಟ್ಟಿ ನೋಡಿದ, ನಮ್ಮನ್ನು ನೋಡಿದ. ಒಂದು ಬುಟ್ಟಿ ಹಲಸನ್ನು ಮೂರು ಜನ ದಾರಿಯಲ್ಲೇ ತಿಂದು ಮುಗಿಸಿದರೇ ಎಂದು ಅವನು ಕೇಳಿದ್ದಾಗಿ ನೋಯ್ ತರ್ಜುಮೆ ಮಾಡಿದಳು. ನಾವು ಮುಖ ಸಣ್ಣ ಮಾಡಿಕೊಂಡು ನಮ್ಮ ಊರಿನ ವಿಷಯವನ್ನೆಲ್ಲ ವಿವರಿಸಿದೆವು. ಎಳೆಕಾಯಿ ಕಡಿಯುವುದನ್ನು ರುದ್ರಪ್ಪನವರು ಅಭಿನಯಿಸಿ ತೋರಿಸಿದರು. ಮಾವುತ ನಕ್ಕೂ ನಕ್ಕೂ ಸುಸ್ತಾಗಿ ನೆಲದಲ್ಲೇ ಕುಳಿತುಬಿಟ್ಟ. ನೋಯ್ ಕಣ್ಣೊರೆಸಿಕೊಂಡಳು.

ಬೇಸರ ಮಾಡಿಕೊಳ್ಳಬೇಡಿ ಎಂದು ನೋಯ್ ಹೇಳಿದಳು. ಇಲ್ಲಿ ಬುವಾ ಎಂಬ ಮುದಿ ಹೆಣ್ಣಾನೆಯಿದೆ, ಬುವಾ ಎಂದರೆ ತಾವರೆಯಂತೆ. ಮರದ ದಿಮ್ಮಿ ಎಳೆದು, ಆಮೇಲೆ ಪ್ರವಾಸಿಗರನ್ನು ಹೊತ್ತು ಜೀವ ಸವೆಸಿದ್ದು. ಹಲ್ಲು ಸವೆದು ಹೋಗಿರುವುದರಿಂದ ಗಟ್ಟಿ ಮೇವು ಆಗುವುದಿಲ್ಲ, ಮಾಗಿದ ಹಲಸೆಂದರೆ ಪ್ರಾಣ. ಇಂಥ ದಿನಕ್ಕೆ ಅದು ಕಾಯುತ್ತದೆ ಎಂದಳು.

ಗಿರಿಜಾಳ ಮುಖ ಇಳಿದುಹೋಯಿತು. ಮನೆಗೆ ಬಂದ ಮುದುಕಿಯ ಮುಂದಿನಿಂದ ಎಲೆ ಎಳೆದುಕೊಂಡ ಹಾಗಾಯ್ತಲ್ಲ ಎಂದು ಚಡಪಡಿಸಿದಳು. ಹುಡುಕುವುದು ಕಷ್ಟ, ಬಚ್ಚಿಟ್ಟ ಜಾಗ ನಾನೇ ತೋರಿಸುತ್ತೇನೆ ಎಂದು ಎದ್ದಳು. ಎರಡು ವರ್ಷದಲ್ಲಿ ಅವಳು ತಾನಾಗಿ ಒಂದು ಕಾಡುದಾರಿಯ ಕಡೆ ಕಾಲು ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದು ಅವಳ ಗಮನಕ್ಕೆ ಬಂದಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮುಂದೆ ಮಾವುತ, ಹಿಂದೆ ಅವಳು, ಅವಳ ಹಿಂದೆ ನಾನು. ರುದ್ರಪ್ಪನವರು ಚಾವಡಿ ಕಾಯುತ್ತೇನೆ ಎಂದರು.

ತಿರುವಿನಲ್ಲಿ ಮಾವುತ ಕೈ ಅಡ್ಡ ಹಿಡಿದು ನಿಂತ. ನಾವೂ ನಿಂತೆವು.

ಬಿದಿರುಮೆಳೆಯ ಹತ್ತಿರ ಬುವಾ ನಿಂತಿದ್ದಳು. ವಾಸನೆ ಹಿಡಿದು ತಾನೇ ಬಂದಿದ್ದಳು. ನಾವು ಎಳೆದಿದ್ದ ತರಗನ್ನು ಸೊಂಡಿಲಿನಿಂದ ನಾಜೂಕಾಗಿ ಸರಿಸಿ, ಒಂದು ಹಣ್ಣನ್ನು ಹೊರಕ್ಕೆ ಉರುಳಿಸಿಕೊಂಡಳು. ಮಧ್ಯೆ ಬೇಲಿಯಿರಲಿಲ್ಲ, ಸರಪಳಿಯೂ ಇರಲಿಲ್ಲ. ಮಾವುತ ಮತ್ತು ಮಧ್ಯಾಹ್ನದ ಬಿಸಿಲು ಎರಡೇ.

ಗಿರಿಜಾಳ ಉಗುರು ನನ್ನ ಮುಂಗೈಗೆ ನಾಟಿತು. ಅವಳು ಮೊದಲು ನೋಡಿದ್ದು ಕಾಲನ್ನೇ. ಬುವಾ ಆ ಕಾಲನ್ನು ಎತ್ತಿ ಹಣ್ಣಿನ ಮೇಲಿಟ್ಟಳು. ನಮ್ಮ ಅಜ್ಜಿ ಹಪ್ಪಳದ ಉಂಡೆ ಒತ್ತುವಷ್ಟೇ ಹದವಾಗಿ ಒತ್ತಿದಳು. ಹಣ್ಣು ಬಿರಿಯಿತು, ತೊಳೆ ಒಂದೂ ಜಜ್ಜಲಿಲ್ಲ. ಅಲ್ಲಿಂದ ಗಿರಿಜಾಳ ಕಣ್ಣು ನಿಧಾನಕ್ಕೆ ಮೇಲೇರಿತು. ಮಡಿಕೆ ಬಿದ್ದ ಮಂಡಿ, ಇಳಿಬಿದ್ದ ಎದೆ, ಅಂಚು ಹರಿದ ಕಿವಿ, ಗುಳಿ ಬಿದ್ದ ಕೆನ್ನೆ. ಕೊನೆಗೆ ಮುಖ. ಬುವಾ ತಿನ್ನುತ್ತ ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಎಷ್ಟು ಉದ್ದ ರೆಪ್ಪೆ ಇದೆ ನೋಡಿ," ಎಂದಳು ಗಿರಿಜಾ, ತೀರಾ ಮೆಲ್ಲಗೆ.

ಆಮೇಲೆ ಸೊಂಡಿಲು ನಮ್ಮ ಕಡೆ ಚಾಚಿತು. ನನ್ನ ಕೈಯಲ್ಲಿ ಇನ್ನೂ ಹಲಸಿನ ಮೇಣ ಅಂಟಿತ್ತು, ಅದಕ್ಕೆ ಬೇಕಾದದ್ದು ಅದು. ನಾನು ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮಾವುತ ಒಂದು ಮಾತು ಹೇಳಿದ, ಸೊಂಡಿಲು ಅಲ್ಲೇ ನಿಂತಿತು. ಗಿರಿಜಾ ಒಂದು ಹೆಜ್ಜೆ ಹಿಂದೆ ಸರಿದಳು. ಒಂದೇ ಹೆಜ್ಜೆ. ಓಡಲಿಲ್ಲ, ಕಿರುಚಲಿಲ್ಲ, ಕಣ್ಣು ತೆಗೆಯಲಿಲ್ಲ. ಕೊನೆಯ ಹಣ್ಣು ಮುಗಿಯುವವರೆಗೂ ನಿಂತು ನೋಡಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಕಡಿಮೆ.

ಚಾವಡಿಗೆ ಹಿಂತಿರುಗಿದಾಗ ನಡೆದದ್ದನ್ನು ಕೇಳಿ ರುದ್ರಪ್ಪನವರು ಎದೆ ಉಬ್ಬಿಸಿದರು. ಹಲಸಿನ ವಾಸನೆಗೆ ಆನೆ ಬಂದೇ ಬರುತ್ತದೆ ಎಂದು ನಾವು ಹೇಳಿದ್ದು ಸುಳ್ಳಾಯಿತೇ ಎಂದು ನೋಯ್‌ಗೆ ಕನ್ನಡದಲ್ಲಿ ಕೇಳಿದರು. ಅವಳು ಹೌದು ಹೌದು ಎಂದು ತಲೆಯಾಡಿಸಿದಳು. ಅಲ್ಲೇ ಕುಂಬಳಕಾಯಿ ಹೆಚ್ಚಿ, ಅನ್ನದ ಜೊತೆ ಹುಣಸೆಹಣ್ಣು ಕಲಸಿ, ಉಳಿದ ಆನೆಗಳಿಗೆ ಉಂಡೆ ಕಟ್ಟುವ ಕೆಲಸ ಕೊಟ್ಟರು. ಷಡ್ಡಕರು ಕಟ್ಟಿದ ಉಂಡೆಗಳು ಮಠದ ದಾಸೋಹದ ಲಾಡುಗಳಷ್ಟು ಸಮನಾಗಿದ್ದವು.

ಮತ್ತೆ ನಾಮ್ ಟೋಕ್, ವಾಪಸ್ಸಿನ ರೈಲಿಗೆ ಕಾಯುತ್ತ

ಸಂಜೆ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ತಡೆಯಲಾಗಲಿಲ್ಲ. ಹೆದರಿಕೆ ಹೋಯಿತೇ ಎಂದು ಕೇಳಿಯೇಬಿಟ್ಟೆ.

"ಇಲ್ಲ," ಎಂದಳು ಗಿರಿಜಾ. "ನಮ್ಮ ಕಡೆಯವು ಬುವಾನಷ್ಟು ಸಾಧು ಅಲ್ಲ, ಅವಕ್ಕೆ ಮಾವುತನೂ ಇಲ್ಲ. ಹೆದರ್ಬೇಕು."

ಇಷ್ಟು ದೂರ ಬಂದದ್ದು ಇದನ್ನು ಕೇಳುವುದಕ್ಕೇ ಎಂದುಕೊಂಡೆ. ಅವಳು ಹೇಳಿದ್ದು ಸರಿಯೇ ಆಗಿತ್ತು. ರುದ್ರಪ್ಪನವರು ಹಳದಿ ಬಾವುಟ ಹುಡುಕಿಕೊಂಡು ಎದ್ದು ಹೋದರು.

ಆಮೇಲೆ ಅವಳು ಫೋನು ತೆಗೆದು ನಮ್ಮ ಮೇಸ್ತ್ರಿ ಲಕ್ಷ್ಮಣಣ್ಣನಿಗೆ ಹಚ್ಚಿದಳು. ತೋಟದಲ್ಲಿ ಹಿರಿಯರು ಅವರು, ಕುಯ್ಲಿಗೆ ಆಳುಗಳನ್ನು ಕೂಡಿಸುವವರು. ಊರಿನಲ್ಲಿ ಆಗ ಮಧ್ಯಾಹ್ನದ ಕಾಫಿಯ ಸಮಯ. ಫೋನಿನ ಧ್ವನಿ ಜೋರಾಗಿದ್ದರಿಂದ ನನಗೂ ಕೇಳಿಸುತ್ತಿತ್ತು. ಹಿಂದಿನ ರಾತ್ರಿ ಮೇಲಿನ ತೋಟದಲ್ಲಿ ಆನೆಗಳು ಹಾದು ಹೋದವು ಎಂದರು ಅವರು. ಗಿಡ ಎಷ್ಟು ಮುರಿದಿವೆ ಎಂದು ಹೇಳಲು ಹೊರಟರು, ಅದು ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ. ಗಿರಿಜಾ ಅವರನ್ನು ತಡೆದು, ಗುಂಪಿನಲ್ಲಿ ಮರಿ ಇತ್ತೇ ಎಂದು ಕೇಳಿದಳು. ಇತ್ತು, ಹೆಜ್ಜೆ ನೋಡಿದರೆ ತೀರಾ ಸಣ್ಣದು ಎಂದರು. ಹಾಗಾದರೆ ತಾಯಿ ಸಿಟ್ಟಿನಲ್ಲಿರುತ್ತದೆ, ಅವು ದಾಟಿ ಹೋಗುವವರೆಗೆ ಯಾರನ್ನೂ ಮೇಲಕ್ಕೆ ಕಳಿಸಬೇಡಿ ಎಂದಳು. ಆಗಲಿ ಎಂದ ಲಕ್ಷ್ಮಣಣ್ಣ, ಕೆಳಗಿನ ತೋಟದಲ್ಲಿ ಅಲ್ಲಲ್ಲಿ ಹಣ್ಣು ಕೆಂಪಾಗುತ್ತಿದೆ, ಯಜಮಾನರು ಹೂಂ ಎಂದರೆ ಅಲ್ಲಿಂದ ಕುಯ್ಲು ಶುರು ಮಾಡಬಹುದು ಎಂದರು.

"ನಾವು ಬರೋವರೆಗೂ ಬೇಡ ಲಕ್ಷ್ಮಣಣ್ಣ. ಈ ಸಲ ಯಜಮಾನ್ರನ್ನ ಕೇಳ್ಬೇಡಿ, ನನ್ನನ್ನ ಕೇಳಿ."

ಲಕ್ಷ್ಮಣಣ್ಣ ಅನುಮಾನಿಸುತ್ತ ಕೇಳಿದರು: "ಅಮ್ಮಾವ್ರು ಕಣಕ್ಕೆ ಬರ್ತೀರಲ್ವಾ?"

"ತೋಟಕ್ಕೆ," ಎಂದಳು ಗಿರಿಜಾ. "ನನ್ನ ಗಂಬೂಟು ಎಲ್ಲಿದ್ಯೋ ಹುಡುಕಿ, ಸ್ವಲ್ಪ ಬಿಸಿಲಿಗೆ ಹಾಕ್ಸಿಡಿ."